ಕರಿ ಉಸುಕಿನ ಮೇಲೆ ಮಲಗಿದವರು

ದೂರದ ದ್ವೀಪವೊಂದರಲ್ಲಿ ವರ್ಷವಿಡೀ ಬಿಸಿಲು ಸಿಗುತ್ತದೆ ಎಂಬ ಜಾಹೀರಾತನ್ನು ಮಗಳು ಓದಿದಾಗ ನನಗೆ ಮೈಯೆಲ್ಲ ಉರಿಯಿತು. ರಾಯಚೂರಿನವರು ರೊಕ್ಕ ಕೊಟ್ಟು ಬಿಸಿಲಿಗೆ ಹೋಗಬೇಕೇನು? ಆದರೆ ನಾನು ನೌಕರಿಯಿಂದ ನಿವೃತ್ತಳಾದ ಖುಷಿಗೆ ಆ ದ್ವೀಪಕ್ಕೇ ಹೋಗಬೇಕೆಂದು ಅವಳ ಹಟ. ಜ್ವಾಲಾಮುಖಿ ಉಕ್ಕಿ ಹುಟ್ಟಿದ ದ್ವೀಪವಂತೆ. ಅಲ್ಲಿನ ಉಸುಕು ನಮ್ಮ ಕಡೆಯ ಎರಿ ಹೊಲದಷ್ಟೇ ಕಪ್ಪು.

"ಅಜ್ಜೀ, ನೀನೂ ಬರ್ಬೇಕು, ನೋಡಿಲ್ಲಿ" ಎಂದು ಅವಳು ನಮ್ಮವ್ವನ ಮುಂದೆ ಮೊಬೈಲು ಹಿಡಿದಳು. ಚಿತ್ರದಲ್ಲಿ ಹತ್ತಾರು ಜನ ಕಡಲ ದಂಡೆಯ ಕರಿ ಉಸುಕಿನ ಮೇಲೆ ಅಂಗಾತ ಮಲಗಿದ್ದರು. ಅವ್ವ ಬಹಳ ಹೊತ್ತು ನೋಡಿದಳು.

"ಇವ್ರಿಗೇನಾತು? ಯಾರೂ ನೀರ ಕುಡಸವಲ್ರಲ್ಲ?"

"ಏನೂ ಆಗಿಲ್ಲ ಬೇ, ಸುಮ್ನ ಬಿಸಲು ಕಾಸ್ಕೊಳ್ಳಾಕತ್ತಾರ" ಎಂದು ಮಗಳು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮೂರು ಕಲ್ಲೂರಿನಲ್ಲಿ ಕೂಲಿಗೆ ಹೋಗಿ ಹತ್ತಿಕಟ್ಟಿಗೆ ಕೀಳುತ್ತಿದ್ದ ಅಪ್ಪ, ಬಿಸಿಲು ಬಡಿದು ಎರಿ ಹೊಲದಲ್ಲಿ ಹೀಗೇ ಅಂಗಾತ ಬಿದ್ದಿದ್ದ. ಅವ್ವ ನೀರು ತರಲು ಓಡಿದ್ದಳು. ಕೊಡ ಹೊತ್ತು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಮಗಳಿಗೆ ಇದನ್ನು ನಾನು ಎಂದೂ ಹೇಳಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ತಲೆಯ ಮೇಲಿನ ಸೆರಗು ತೆಗೆದು ಎರಡೂ ಕೈಯಲ್ಲಿ ಅಗಲಿಸಿ, ಆ ಮಲಗಿದವರ ಮೇಲೆ ನೆರಳು ಹಿಡಿದಳು.