ಕೂತ್ಕೋ ಮಿಸ್

ಎರಡನೇ ಕ್ಲಾಸಿನ ಮಿಸ್ಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಶಾಲೆಯಲ್ಲಿ ಅದು ಯಾರಿಗೆ ಬೇಕು? ಮಕ್ಕಳ ಬಾಯಲ್ಲಿ ಅವರು ಕೂತ್ಕೋ ಮಿಸ್. ಹಾಜರಿ ಕರೆಯುವಾಗ ಶುರುವಾದ ‘ಕೂತ್ಕೋ’ ಕೊನೆಯ ಗಂಟೆ ಹೊಡೆದರೂ ನಿಲ್ಲುತ್ತಿರಲಿಲ್ಲ. ಪೆನ್ಸಿಲ್ ಬಿತ್ತು ಅಂತ ಎದ್ದವನಿಗೆ ಕೂತ್ಕೋ, ಕಿಟಕಿಯಲ್ಲಿ ಅಳಿಲು ಕಂಡಿತು ಅಂತ ಎದ್ದವಳಿಗೆ ಕೂತ್ಕೋ, ಏನೂ ಕಾರಣವಿಲ್ಲದೆ ಎದ್ದವರಿಗಂತೂ ಎರಡೆರಡು ಸಲ ಕೂತ್ಕೋ.

ಮನೆಯಲ್ಲೂ ಅದೇ ಪಾಡು. ಒಂದು ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾಗಿದ್ದ ಮಿಸ್ಸು ನಿದ್ದೆಯಲ್ಲೇ ಗದರಿದರು. ಪಕ್ಕದಲ್ಲಿ ಮಲಗಿದ್ದ ಅತ್ತೆ ದಡಕ್ಕನೆ ಎದ್ದು ಕೂತರು.

“ಕೂತ್ಕೊಂಡೆ ಕಣೇ ತಾಯಿ. ಇನ್ನೇನು ಮಾಡ್ಲಿ, ಮಗ್ಗಿ ಹೇಳ್ಲಾ?”

ಇಷ್ಟಾದರೂ ಮಿಸ್ಸಿನದು ಬೆಣ್ಣೆಯಂಥ ಮನಸ್ಸು. ಯಾರ ಕಿವಿಯನ್ನೂ ಹಿಂಡಿದವರಲ್ಲ. ಅಲ್ಲಾಡುವ ಲೋಟಕ್ಕೆ ನೀರು ಸುರಿಯುವುದು ಹೇಗೆ ಎಂಬುದಷ್ಟೇ ಅವರ ಚಿಂತೆ. ಮಗು ಮೊದಲು ಕೂರಬೇಕು, ಆಮೇಲೆ ತಾನೇ ಅಕ್ಷರ ಒಳಗಿಳಿಯುವುದು?

ಹೀಗಿರುವಾಗ ವರ್ಷದ ನಡುವೆ ಬೇರೆ ಶಾಲೆಯಿಂದ ಇಬ್ಬರು ಹುಡುಗಿಯರು ಬಂದು ಸೇರಿಕೊಂಡರು. ಅವಳಿಜವಳಿ. ಮುಂಚೆ ಹುಟ್ಟಿದವಳು ದೊಡ್ಡವಳು, ಅವಳ ಬೆನ್ನಿಗೇ ಹುಟ್ಟಿದವಳು ಚಿಕ್ಕವಳು. ಕೈ ಕೈ ಹಿಡಿದೇ ಬರುವರು, ಒಂದೇ ಡಬ್ಬಿಯಲ್ಲಿ ಉಣ್ಣುವರು. ದೊಡ್ಡವಳು ಪುಸ್ತಕ ಕೊಟ್ಟರೆ ಪಟಪಟ ಓದುತ್ತಿದ್ದಳು. ಚಿಕ್ಕವಳಿಗೆ ಅ, ಕ, ಲ ಎಂಬ ಬಿಡಿ ಅಕ್ಷರಗಳು ಗೊತ್ತು, ಅಷ್ಟೇ. ಅಕ್ಷರಕ್ಕೆ ಒಂದು ಬಾಲವೋ ಕೊಂಬೋ ಸೇರಿತೆಂದರೆ ಅವಳ ಬಾಯಿಗೆ ಬೀಗ. ಬೆಂಚಿನ ಮೇಲೆ ಕೂರಿಸಿದರೆ ಅವಳು ಕೂರುವಳು, ಅವಳ ಕಾಲು ಮಾತ್ರ ಕೂರುತ್ತಿರಲಿಲ್ಲ.

ಹೆಡ್ ಮಾಸ್ಟರು ಒಂದು ಸಲ ಬಂದು ನೋಡಿದವರು ಮಿಸ್ಸನ್ನು ಬಾಗಿಲಾಚೆಗೆ ಕರೆದರು.

“ತಿಂಗಳ ಕೊನೆಗೆ ನಾನೇ ಓದಿಸಿ ನೋಡ್ತೀನಿ ಮೇಡಂ. ಬರಲಿಲ್ವೋ, ಒಂದನೇ ಕ್ಲಾಸಿಗೆ ಕಳಿಸೋಣ. ಅವಳಿಗೂ ಹಿಂಸೆ, ನಿಮಗೂ ಹಿಂಸೆ.”

ಸುದ್ದಿ ಕೇಳಿ ಮಾರನೆಯ ದಿನ ಆ ಮಕ್ಕಳ ಅಮ್ಮ ಬಂದಳು. ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು, ಮೊಣಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿತ್ತು.

“ಒಂದೇ ಹೊಟ್ಟೇಲಿ ಇದ್ದೋರು ಮಿಸ್. ಬೇರೆ ಬೇರೆ ರೂಮಲ್ಲಿ ಕೂರಿಸಿದ್ರೆ ಇವಳು ಈಗ ಆಡೋ ನಾಲ್ಕು ಮಾತೂ ಆಡಲ್ಲ. ಹೇಗಾದ್ರೂ ಮಾಡಿ.”

“ಹೇಗಾದ್ರೂ ಮಾಡೋಣಮ್ಮ” ಎಂದುಬಿಟ್ಟರು ಮಿಸ್ಸು. ಹೇಗೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಆ ವಾರವೇ ಒಂದು ದಿನ ಕಾಗುಣಿತದ ಪಾಠ ನಡೆದಿತ್ತು. ಬೋರ್ಡಿನ ಮೇಲೆ ‘ಕಾ’ ಬರೆದು, ಕೋಲಿನಲ್ಲಿ ಅದರ ಇಳಿಯನ್ನು ಮುಟ್ಟಿ ತೋರಿಸಿ, ಮಿಸ್ಸು ಚಿಕ್ಕವಳ ಕಡೆ ತಿರುಗಿದರು.

“ನೀನು ಹೇಳು ಪುಟ್ಟಾ. ಕ… ಇಳಿ?”

ಹುಡುಗಿ ಬೆಂಚಿನಿಂದ ದುಡುಂ ಅಂತ ಕೆಳಗಿಳಿದಳು.

ಇಡೀ ಕ್ಲಾಸು ಗೊಳ್ಳೆಂದಿತು. ದೊಡ್ಡವಳಂತೂ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು.

“ಯಾಕೆ ಇಳಿದೆ?”

“ನೀವೇ ಇಳಿ ಅಂದ್ರಲ್ಲ ಮಿಸ್.”

ಮಿಸ್ಸಿನ ನಾಲಿಗೆ ತುದಿಗೆ ‘ಕೂತ್ಕೋ’ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಹೌದಲ್ಲ, ಇಳಿ ಎಂದದ್ದು ತಾನೇ! ಇಳಿ, ಗುಡಿಸು, ತಲೆಕಟ್ಟು, ಕೊಂಬು, ಸುಳಿ. ಇಷ್ಟು ವರ್ಷ ಮಕ್ಕಳಿಗೆ ಇಳಿ ಎನ್ನುತ್ತ, ಗುಡಿಸು ಎನ್ನುತ್ತ, ಅದೇ ಉಸಿರಿನಲ್ಲಿ ಕೂತ್ಕೋ ಎಂದೂ ಹೇಳಿಕೊಂಡು ಬಂದಿದ್ದೆನಲ್ಲ ಎಂದು ಅವರಿಗೆ ಒಳಗೊಳಗೇ ನಗು ಉಕ್ಕಿತು.

“ಸರಿಯಾಗೇ ಇಳಿದಿದ್ದೀಯ. ಇಳಿದ್ರೆ ಏನಾಗುತ್ತೆ ಗೊತ್ತಾ? ಕಾ… ಅಂತ ಉದ್ದ ಆಗುತ್ತೆ. ಇನ್ನೊಂದ್ಸಲ ಹತ್ತು, ಇಳಿ.”

“ಕಾ!” ಎಂದು ಕೂಗುತ್ತಲೇ ಹುಡುಗಿ ಎರಡನೇ ಸಲ ಹಾರಿದಳು.

ಮರುದಿನ ಬೆಂಚುಗಳೆಲ್ಲ ಗೋಡೆಗೆ ಸರಿದವು. ತಲೆಕಟ್ಟು ಎಂದರೆ ಎರಡು ಕೈ ನೆತ್ತಿಯ ಮೇಲೆ. ಇಳಿ ಎಂದರೆ ಬೆಂಚಿನಿಂದ ಜಿಗಿತ. ಗುಡಿಸು ಎಂದರೆ ಬಗ್ಗಿ ನೆಲ ಗುಡಿಸಬೇಕು. ಕೊಂಬು ಎಂದರೆ ಹಣೆಗೆ ಬೆರಳು, ಸುಳಿ ಎಂದರೆ ಗಿರಗಿರ ಸುತ್ತು, ದೀರ್ಘ ಬಂತೋ ಗೋಡೆಯವರೆಗೂ ಓಟ. ಮಿಸ್ಸು ಸೆರಗು ಸಿಕ್ಕಿಸಿಕೊಂಡು ತಾವೂ ಸುತ್ತಿದರು. ಸುತ್ತಿ ತಲೆ ತಿರುಗಿ ಬೋರ್ಡು ಹಿಡಿದುಕೊಂಡದ್ದೂ ಉಂಟು.

ಆ ಕೋಣೆ ಮಹಡಿಯ ಮೇಲಿನದು, ನೆಲ ಮರದ ಹಲಗೆಯದು. ಕೆಳಗಿನ ನಾಲ್ಕನೇ ಕ್ಲಾಸಿನಿಂದ ಲೆಕ್ಕದ ಮೇಷ್ಟ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೂದಲ ತುಂಬ ಧೂಳು.

“ತಲೆ ಮೇಲೆ ಕುಣೀತಾರೆ ಅಂತ ಮಾತಿಗೆ ಹೇಳೋದು ಮೇಡಂ. ನೀವು ನಿಜವಾಗ್ಲೂ ಕುಣೀತಾ ಇದ್ದೀರಲ್ಲ!”

“ತಿಂಗಳ ಕೊನೇವರೆಗೂ ಸಹಿಸ್ಕೊಳ್ಳಿ ಸರ್. ಒಂದು ಮಗು ಇಳೀತಾ ಇದೆ.”

ಮೇಷ್ಟ್ರಿಗೆ ಏನರ್ಥವಾಯಿತೋ, ತಲೆ ಕೊಡವಿಕೊಂಡು ಹೋದರು.

ತಿಂಗಳ ಕೊನೆ ಬಂದೇ ಬಂತು. ಹೆಡ್ ಮಾಸ್ಟರ ಕೋಣೆಯ ಎತ್ತರದ ಕುರ್ಚಿಯಲ್ಲಿ ಚಿಕ್ಕವಳನ್ನು ಕೂರಿಸಿದರು. ದೊಡ್ಡವಳಿಗೆ ಒಳಗೆ ಪ್ರವೇಶವಿಲ್ಲ. ಮಿಸ್ಸು ಬಾಗಿಲ ಬಳಿ ಕೈ ಹಿಸುಕಿಕೊಳ್ಳುತ್ತ ನಿಂತರು. ಹೆಡ್ ಮಾಸ್ಟರು ಸ್ಲೇಟಿನ ಮೇಲೆ ‘ಕಾಲು’ ಎಂದು ಬರೆದು ಎದುರಿಗೆ ಹಿಡಿದರು.

ಹುಡುಗಿ ಕುರ್ಚಿಯಿಂದ ಜಿಗಿದಳು. ಹಣೆಗೆ ಎರಡು ಬೆರಳಿಟ್ಟಳು. “ಕಾ…ಲು. ಕಾಲು!”

“ಇದೇನು ಮೇಡಂ, ಓದೋದಾ, ನಾಟಕಾನಾ?”

“ಓದೋದೇ ಸರ್. ಮೊದಲು ಕಾಲಿಗೆ ಬರುತ್ತೆ, ಆಮೇಲೆ ಬಾಯಿಗೆ ಬರುತ್ತೆ.”

ಹೆಡ್ ಮಾಸ್ಟರು ಮೀಸೆಯೊಳಗೆ ಏನೋ ಗೊಣಗಿದರು. ಕೆಟ್ಟ ಮನುಷ್ಯರಲ್ಲ. ಮಗುವಿಗೆ ಸುಲಭವಾಗಲಿ ಅಂತಲೇ ಪುಟ್ಟ ಪದವೊಂದನ್ನು ಬರೆದರು: ‘ಅಕ್ಕ’.

ಮಿಸ್ಸು ಬಾಗಿಲಿಂದ ಒಂದು ಹೆಜ್ಜೆ ಮುಂದಿಟ್ಟರು. ಇವಳಿಗೆ ಒತ್ತಕ್ಷರ ಇನ್ನೂ ಹೇಳಿಕೊಟ್ಟೇ ಇಲ್ಲವಲ್ಲ!

ಹುಡುಗಿ ಸ್ಲೇಟನ್ನು ನೋಡಿದಳು. ಅ ಗೊತ್ತು. ಕ ಗೊತ್ತು. ಆ ‘ಕ’ದ ಕಾಲ ಬುಡದಲ್ಲಿ ಅದ್ಯಾರು ಮುದುಡಿ ಕೂತಿರೋದು? ಬಗ್ಗಿ ನೋಡಿದಳು. ಸೊಟ್ಟಗೆ ನೋಡಿದಳು. ಬಾಗಿಲ ಕಡೆ ತಿರುಗಿದರೆ ದೊಡ್ಡವಳು ಇಲ್ಲ. ಕೊನೆಗೆ ಹೆಡ್ ಮಾಸ್ಟರ ಮುಖ ನೋಡಿ ಮೆಲ್ಲಗೆ ಅಂದಳು:

“ಇದಕ್ಕೆ ಇಬ್ಬರು ಬೇಕು ಸರ್. ನೀವು ಕೂತ್ಕೊಳ್ತೀರಾ?”

“ಎಲ್ಲಿ?”

“ಇಲ್ಲಿ. ನನ್ನ ಕಾಲ ಹತ್ರ.”

ಮಿಸ್ಸು ಕಣ್ಣು ಮುಚ್ಚಿಕೊಂಡರು. ತೆರೆದಾಗ ಹೆಡ್ ಮಾಸ್ಟರು ಪ್ಯಾಂಟು ಮೇಲೆಳೆದುಕೊಂಡು, ಮಂಡಿ ಲಟಲಟ ಅನ್ನಿಸುತ್ತ, ನಿಜವಾಗಿಯೂ ಕುಕ್ಕರಗಾಲಲ್ಲಿ ಕೂತಿದ್ದರು.

“ಈಗ ನೀನೂ ಕ, ನಾನೂ ಕ” ಎಂದರು ಕೆಳಗಿನಿಂದ. “ಹೀಗೆ ಕೆಳಗೆ ಕೂತಿರೋದಕ್ಕೆ ಒತ್ತು ಅಂತಾರೆ.”

“ಒತ್ತಾ ಸರ್?”

“ಹೂಂ, ಒತ್ತು.”

ಹುಡುಗಿ ಎರಡೂ ಕೈಯಿಂದ ಅವರ ಭುಜ ಹಿಡಿದು ಬಲವಾಗಿ ಒತ್ತಿದಳು. “ಅ…ಕ್…ಕ!” ಹೆಡ್ ಮಾಸ್ಟರು ಅಂಗಾತ ಬಿದ್ದರು. “ಅಕ್ಕ! ಮಿಸ್, ಅಕ್ಕ!” ಎಂದು ಕೂಗುತ್ತ ಅವಳು ವರಾಂಡಕ್ಕೆ ಓಡಿದಳು. ದೊಡ್ಡವಳು ಅಲ್ಲೇ ಕಂಬಕ್ಕೆ ಆತುಕೊಂಡು ನಿಂತಿದ್ದಳು.

ಮಿಸ್ಸಿಗೆ ಅಳು, ನಗು ಎರಡೂ ಒಟ್ಟಿಗೇ ಬಂದು ಯಾವುದನ್ನು ಮೊದಲು ಮುಗಿಸಲಿ ಎಂದು ತೋಚಲಿಲ್ಲ.

“ಆಮೇಲೆ ನಗ್ರಮ್ಮ, ಮೊದಲು ನನ್ನ ಎಬ್ಬಿಸಿ” ಎಂದು ಹೆಡ್ ಮಾಸ್ಟರು ಕೈ ಚಾಚಿದರು. ಎದ್ದು ಬೆನ್ನಿನ ಧೂಳು ಹೊಡೆದುಕೊಳ್ಳುತ್ತ ಹೇಳಿದರು: “ಅವಳು ಎರಡನೇ ಕ್ಲಾಸಲ್ಲೇ ಇರಲಿ. ಆದ್ರೆ ಈ ಒತ್ತಕ್ಷರ ಇದೆಯಲ್ಲ, ಅದನ್ನ ಹೊರಗೆ ಅಂಗಳದಲ್ಲೇ ಕಲಿಸಿ. ಬೀಳೋರು ಮಣ್ಣಿನ ಮೇಲೆ ಬೀಳಲಿ.”