ಓ ಎನ್ನುತ್ತಿದ್ದ ತಾರಕ್ಕ

ತಾರಕ್ಕ ಕಾಲುಚೀಲಕ್ಕೆ ಹಲ್ಲು ಹಾಕಿ ತೂತು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಲ್ಹಾಪುರದ ಒಂದು ಮಾಲಿನ ಮೂರನೇ ಮಹಡಿಯಲ್ಲಿ, ಮಕ್ಕಳ ಆಟದ ಮನೆಯ ಬಾಗಿಲಲ್ಲಿ. ಸಣ್ಣ ಮಕ್ಕಳ ಜೊತೆ ದೊಡ್ಡವರೊಬ್ಬರು ಒಳಗೆ ಹೋಗಬಹುದು, ಆದರೆ ಕಾಲುಚೀಲ ಇರಲೇಬೇಕು ಎಂದು ಕೌಂಟರಿನ ಹುಡುಗಿ ಹೊಸದೊಂದು ಜೊತೆ ಕೈಗಿಟ್ಟಿದ್ದಳು. ನಲವತ್ತು ದಾಟಿದ ತಾರಕ್ಕ ಜೀವಮಾನದಲ್ಲಿ ಮೊದಲ ಸಲ ಕಾಲುಚೀಲ ಏರಿಸಿ, ಎರಡೂ ಕಾಲು ಮುಂದೆ ಚಾಚಿ ನೋಡಿಕೊಂಡು, "ಅಯ್ಯ ಇವನ, ಕಾಲುಂಗ್ರ ಮುಚ್ಚೇ ಹೋದ್ವಲ್ಲಬೇ! ಇದ್ದೂ ಇಲ್ಲದಂಗ ಆತಲ್ಲ" ಎಂದಳು. ಬಿಚ್ಚಿ, ಕಚ್ಚಿ, ತೂತು ಮಾಡಿ, ಬೆಳ್ಳಿ ಕಾಲುಂಗುರದ ಬೆರಳನ್ನು ಹೊರಗೆ ತೂರಿಸಿದ ಮೇಲೆಯೇ ಅವಳಿಗೆ ಸಮಾಧಾನ. ಹಾಗೇ ಒಳಗೆ ಹೋಗಿ, ಬಣ್ಣದ ಚೆಂಡುಗಳ ಹೊಂಡದಲ್ಲಿ ಎದೆಮಟ್ಟ ಮುಳುಗಿ, ನನ್ನ ನಾಲ್ಕು ವರ್ಷದ ಮಗ ಪೃಥ್ವಿಯನ್ನು ತಲೆಯ ಮೇಲೆ ಕೂರಿಸಿಕೊಂಡಳು. ನಾನು ಪಿಯುಸಿ ಕಲಿತವಳು, ನನಗೆ ನಾಚಿಕೆ. ಚೀಲ ಕಾಯುತ್ತ ಹೊರಗೆ ಕೂತೆ.

ತಾರಕ್ಕ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಬೇಡಕಿಹಾಳದ ನಮ್ಮ ಕೂಡುಮನೆಗೆ ನಾನು ಬರುವ ಹೊತ್ತಿಗೆ ಆ ಮನೆಯ ಬೀಗದ ಕೈ, ಹಾಲು, ಕಬ್ಬು ಕಡಿಯುವವರ ಚಹಾ ಎಲ್ಲವೂ ಅವಳ ಕೈಯಲ್ಲಿತ್ತು. ಅತ್ತೆ ಬೇಗ ತೀರಿಕೊಂಡಿದ್ದರು. ಆರು ವರ್ಷದ ಕೊನೆಯ ಮೈದುನ ಬಾಳುನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ತಾರಕ್ಕನೇ. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಬಾಳು ಅವಳನ್ನು ಅವ್ವ ಎನ್ನುತ್ತಿದ್ದ, ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎನ್ನುತ್ತಿದ್ದ.

ನಮ್ಮ ಕಡೆ ಕೂಡುಮನೆಯ ಮಕ್ಕಳು ಹೆತ್ತವಳನ್ನು, ಮನೆಯ ದೊಡ್ಡವರು ಏನು ಕರೆಯುತ್ತಾರೋ ಅದನ್ನೇ ಕರೆಯುವುದುಂಟು. ಕಾಕಾ ಬಾಳುನ ಹೆಗಲ ಮೇಲೆ ಬೆಳೆದ ನನ್ನ ಮಗ ಅವನ ಬಾಯಿಂದಲೇ ಮಾತು ಕಲಿತ. ತಾರಕ್ಕ ಅವನಿಗೆ ಅವ್ವ. ಒಂಬತ್ತು ತಿಂಗಳು ಹೊತ್ತ ನಾನು ವೈನಿ. ಮೊದಮೊದಲು ನಾನೂ ನಕ್ಕೆ. ನಕ್ಕೆನೋ, ನಕ್ಕ ಹಾಗೆ ಮಾಡಿದೆನೋ, ಈಗ ಹೇಳಲಾರೆ.

ಮಕ್ಕಳನ್ನು ತಿರುಗಾಡಿಸುವುದೆಂದರೆ ತಾರಕ್ಕನಿಗೆ ಎಲ್ಲಿಲ್ಲದ ಉಮೇದು. ಎರಡು ತಿಂಗಳಿಗೊಮ್ಮೆಯಾದರೂ ಬಾಡಿಗೆ ಜೀಪು ಹೇಳುವವಳೇ. ಹಿಂದಿನ ದಿನವೇ ಕಟಕ ರೊಟ್ಟಿ, ಶೇಂಗಾ ಚಟ್ನಿ, ಜುಣಕದ ವಡಿಯ ಬುತ್ತಿ ಸಿದ್ಧ. "ಹೊಲಾ ಎಲ್ಲಿ ಓಡಿ ಹೊಕ್ಕೈತಿ? ಹುಡುಗೂರು ಓಡಿ ಹೊಕ್ಕಾವ. ನಡೀರಿ ನಡೀರಿ" ಎಂದು ಗಂಡಸರ ಬಾಯಿ ಮುಚ್ಚಿಸುತ್ತಿದ್ದಳು. ಮಾಲಿನಲ್ಲಿ ಹೊರಗಿನ ತಿಂಡಿ ತಿನ್ನಬಾರದೆಂದು ಕಾವಲುಗಾರ ಬಂದರೆ, ಅವನ ಕೈಗೇ ಒಂದು ರೊಟ್ಟಿ ಇಟ್ಟು, "ಹಸ್ದೀರಿ ಕಾಣ್ತೈತಿ, ಮದ್ಲ ಇದನ್ನ ತಿನ್ರಿ. ಆಮ್ಯಾಲ ಬೈರಿ" ಎಂದಳು. ಆ ಮನುಷ್ಯ ಕಂಬದ ಮರೆಯಲ್ಲಿ ನಿಂತು ತಿಂದ. ಬೈಯುವುದು ಮರೆತೇ ಹೋಯಿತು.

ಕಾಲುಚೀಲದ ಆ ದಿನವೇ ನನ್ನ ನೆಮ್ಮದಿ ಕೆಟ್ಟಿದ್ದು. ಆಟ ಮುಗಿಯುವ ಹೊತ್ತಿಗೆ ತಾರಕ್ಕ ಬುತ್ತಿ ತರಲು ಕೆಳಗೆ ಜೀಪಿನ ಹತ್ತಿರ ಹೋದಳು. ಕೌಂಟರಿನ ಹುಡುಗಿ ಪೃಥ್ವಿಯನ್ನು ಬಾಗಿಲಿಗೆ ಕರೆತಂದಳು. ನಾನು ಕೈ ಚಾಚಿದೆ. ಅವಳು ಬಿಡಲಿಲ್ಲ. ಮಗುವಿಗೆ ಮರಾಠಿಯಲ್ಲಿ, ಇವರು ಯಾರಪ್ಪಾ ಎಂದು ಕೇಳಿದಳು.

"ವೈನಿ" ಎಂದ ನನ್ನ ಮಗ.

ಮರಾಠಿಯಲ್ಲೂ ವಹಿನಿ ಎಂದರೆ ಅಣ್ಣನ ಹೆಂಡತಿಯೇ. ಹುಡುಗಿ ತಲೆಯಲ್ಲಾಡಿಸಿ, "ಆಯೀ ಪಾಹಿಜೆ" ಎಂದಳು. ತಾಯಿಯೇ ಬೇಕಂತೆ. ನಾನೇ ತಾಯಿ ಎಂದು ಕನ್ನಡದಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ, ಎದೆ ಬಡಿದುಕೊಂಡು ಹೇಳಿದೆ. ಅವಳು ಮಗುವನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡು, ಒಳಗೆ ಬಿಡುವಾಗ ಸಹಿ ಮಾಡಿಸಿಕೊಂಡಿದ್ದ ದಫ್ತರ ತಿರುಗಿಸಿ ತೋರಿಸಿದಳು. ಆಯೀ ಎಂದು ಬರೆದ ಕಡೆ ತಾರಕ್ಕನ ಸೊಟ್ಟ ಕನ್ನಡ ಸಹಿ. ಅಷ್ಟರಲ್ಲಿ ಬುತ್ತಿಯ ಗಂಟು ಹಿಡಿದು ತಾರಕ್ಕ ಬಂದಳು. ಪೃಥ್ವಿ "ಅವ್ವಾ!" ಎಂದು ಓಡಿದ, ಅವಳು "ಓ ನನ ರಾಜಾ!" ಎಂದು ಎತ್ತಿಕೊಂಡಳು. ಹುಡುಗಿ ನಿರಾಳವಾಗಿ ನಕ್ಕಳು.

ಹುಡುಗಿ ಮರಾಠಿಯಲ್ಲಿ ಏನೋ ಕೇಳಿ, ತಾರಕ್ಕ ಸುಮ್ಮನೆ ತೋರಿಸಿದ ಕಡೆ ಸಹಿ ಮಾಡಿದಳೋ? ಇಲ್ಲ, ತಾನೇ ತಾಯಿ ಎಂದು ಬಾಯಿಬಿಟ್ಟು ಹೇಳಿದಳೋ? ನಾಲ್ಕನೇ ಇಯತ್ತೆ ಕಲಿತವಳು, ಮರಾಠಿ ಆಡಲು ಬರುತ್ತಿತ್ತು, ಓದಲು ಎಷ್ಟು ಬರುತ್ತಿತ್ತೋ ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಇದೇ ತಲೆಯಲ್ಲಿ ಕೊರೆಯಿತು. ಕೊಗನೊಳ್ಳಿಯಲ್ಲಿ ಎಲ್ಲರೂ ಚಹಾ ಕುಡಿದರು, ನಾನು ಜೀಪಿನಿಂದ ಇಳಿಯಲಿಲ್ಲ.

ನಮ್ಮವರಿಗೆ ಹೇಳಿಕೊಂಡರೆ, "ಹುಚ್ಚಿ ಇದ್ದಿ ನೀ. ನಾನೂ ನಮ್ಮವ್ವಗ ಅಕ್ಕಾ ಅಂತಿದ್ನಿ. ಅಷ್ಟಕ್ಕ ಆಕಿ ನಮ್ಮಕ್ಕ ಆದ್ಲೇನು?" ಎಂದು ಮಗ್ಗುಲಾದರು. ಅವರ ಮಾತು ಖರೆ. ಆದರೂ ನನ್ನ ಹೊಟ್ಟೆಯ ಉರಿ ಆರಲಿಲ್ಲ. ಒಂದು ವಾರ ಮಗನಿಗೆ ಕದ್ದು ಕದ್ದು ಕಲಿಸಿದೆ: "ನಾ ನಿಮ್ಮವ್ವ, ಅವ್ವ ಅನ್ನು." ಅವನು ನನ್ನ ಮುಖವನ್ನೇ ಪಿಳಿಪಿಳಿ ನೋಡಿ, "ನೀ ವೈನಿ" ಎನ್ನುವನು, ಪಾಠ ತಪ್ಪಿದ ಟೀಚರಿಗೆ ತಿದ್ದಿ ಹೇಳಿದ ಹಾಗೆ.

ಕೊನೆಗೊಂದು ದಿನ ಅಡುಗೆಮನೆಯಲ್ಲಿ ಬಾಯಿ ಜಾರಿತು. ಜಾರಿತು ಎನ್ನುವುದೂ ಸುಳ್ಳು, ನಾನೇ ಬಿಟ್ಟೆ. "ದೇವ್ರ ನಿಮಗ ಕೊಡ್ಲಿಲ್ಲಂತ ನನ್ನ ಮಗನ್ನ ಕಸಗೊಳ್ತೀರೇನ್ರಿ?" ತಾರಕ್ಕ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ಹಿಡಿದ ಹಿಟ್ಟನ್ನೇ ಮತ್ತೆ ಜರಡಿಗೆ ಸುರಿದುಕೊಂಡಳು. ಆ ಮಾತಾಡಿದ ನಾಲಿಗೆ ನನ್ನದೇ ಎಂದು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ.

ಮೂರನೇ ದಿನ ತಾರಕ್ಕ ಏನೂ ಆಗದವಳಂತೆ, "ಕೊಲ್ಹಾಪುರದಾಗ ಮೀನಿಂದು ದೊಡ್ಡ ಪ್ರದರ್ಶನ ಬಂದೈತಂತ. ಗಾಜಿನ ಗವಿಯೊಳಗ ನಡ್ಕೊಂತ ಹೋಗೂದಂತ. ಪೃಥ್ವಿಗೆ ತೋರಸೂಣು, ತಯಾರಾಗು" ಎಂದಳು. ಇವಳಿಗೆ ಸಿಟ್ಟೇ ಬರಲಿಲ್ಲವೇ, ಇಲ್ಲ ಬಂದದ್ದನ್ನು ನುಂಗಿದಳೇ? ತಲೆಬುಡ ತಿಳಿಯದೆ ಜೀಪು ಹತ್ತಿದೆ.

ಒಳಗೆ ನೀಲಿ ಬೆಳಕು. ತಲೆಯ ಮೇಲೆ, ಅಕ್ಕಪಕ್ಕ, ಎಲ್ಲ ಕಡೆ ಗಾಜು, ನೀರು, ಮೀನು. ತಾರಕ್ಕ ಬಾಗಿಲಲ್ಲೇ ಅಲ್ಲಿಯ ಕೆಲಸದವನನ್ನು ತಡೆದು, "ಇವು ಉಂಡಾವೇನ್ರಿ?" ಎಂದು ವಿಚಾರಿಸಿದಳು. ಬೆಳಿಗ್ಗೆಯೇ ಹಾಕಿದ್ದೇವೆ ಎಂದು ಅವನು ಹೇಳಿದ ಮೇಲೆಯೇ ಮುಂದೆ ಹೆಜ್ಜೆ ಇಟ್ಟಳು.

"ಅವ್ವಾ, ಅಲ್ನೋಡ, ಹಾವಿನಂಥಾ ಮೀನ!" ಎಂದ ಪೃಥ್ವಿ. ತಾರಕ್ಕ ಓ ಎನ್ನಲಿಲ್ಲ. "ಅವ್ವಾ!" ಸೆರಗು ಹಿಡಿದು ಜಗ್ಗಿದ. ಅವಳು ಗಾಜಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ನನಗೆ ಥಟ್ಟನೆ ಅರ್ಥವಾಯಿತು: ಇವಳು ನನ್ನ ಮಗನನ್ನು ನನಗೆ ವಾಪಸ್ ಕೊಡುತ್ತಿದ್ದಾಳೆ! ಅದಕ್ಕೇ ಇಷ್ಟು ದೂರ ಕರೆತಂದಿದ್ದಾಳೆ. ನಾನು ಹಿಗ್ಗಬೇಕಿತ್ತು. ಪೃಥ್ವಿ ನಾಲ್ಕನೇ ಸಲ ಕರೆದ, ಐದನೇ ಸಲ ಕರೆದ. ತುಟಿ ಅದುರತೊಡಗಿತು. ಕೊನೆಗೆ ನನ್ನ ಹತ್ತಿರ ಓಡಿ ಬಂದು, ಕಾಲು ತಬ್ಬಿ, ಬಿಕ್ಕುತ್ತ ದೂರಿದ:

"ವೈನೀ, ಅವ್ವ ಮಾತಾಡವಲ್ಲಳ."

ಅವನನ್ನು ಎತ್ತಿಕೊಂಡೆ. ಹಿಂದೆ ಜನ ಮುಂದೆ ನಡೀರಿ ಎಂದು ದಬ್ಬುತ್ತಿದ್ದರು. ತಾರಕ್ಕನ ಪಕ್ಕಕ್ಕೆ ಹೋಗಿ, "ಅಕ್ಕಾ, ಓ ಅನ್ರಿ" ಎಂದೆ.

ಅವಳು ಗಾಜಿನಿಂದ ಕಣ್ಣು ತೆಗೆಯದೆ, "ಯಾಕ? ನಿನಗ ಬೇಕಾಗಿತ್ತಲ್ಲ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಕೆನ್ನೆ ಮಾತ್ರ ಒದ್ದೆಯಾಗಿತ್ತು.

"ನನಗೇನ ಬೇಕೋ ನನಗ ತಿಳೀವಲ್ತ್ರಿ. ಹುಡುಗ ಅಳಾಕತ್ತೈತಿ, ಓ ಅನ್ರಿ."

"ಓ ನನ ರಾಜಾ" ಎಂದಳು ತಾರಕ್ಕ. ಕೈ ಚಾಚಿದಳು. ನಾನೇ ಕೊಟ್ಟೆ.

ಅಲ್ಲಿಂದ ಐದು ವರ್ಷ ಹಾಗೆಯೇ ನಡೆಯಿತು. ಮನೆಯ ಯಾವ ಮೂಲೆಯಿಂದ ಅವ್ವಾ ಎಂಬ ಕೂಗು ಬಂದರೂ, "ತಾರಕ್ಕಾ, ನಿಮ್ಮನ್ನ ಕರಿಯಾಕತ್ತಾನ" ಎಂದು ಮುಟ್ಟಿಸುವ ಕೆಲಸ ನನ್ನದಾಯಿತು. ಒಮ್ಮೊಮ್ಮೆ ಸಲೀಸಾಗಿ ಹೇಳುತ್ತಿದ್ದೆ, ಒಮ್ಮೊಮ್ಮೆ ಅವನು ಎರಡನೇ ಸಲ ಕೂಗುವ ತನಕ ತಡೆಯುತ್ತಿದ್ದೆ. ಮಗನನ್ನು ಕೊಟ್ಟವಳು ನಾನೋ, ಬಿಟ್ಟುಕೊಟ್ಟವಳು ಅವಳೋ, ಲೆಕ್ಕ ಹತ್ತಲಿಲ್ಲ.

ಆಮೇಲೆ ತಾರಕ್ಕನಿಗೆ ಜ್ವರ ಬಂತು. ಸಾದಾ ಜ್ವರವೆಂದು ಮೂರು ದಿನ ಚಿಕ್ಕೋಡಿಯ ಗುಳಿಗೆಯಲ್ಲೇ ತಳ್ಳಿದಳು. ಮಿರಜಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಕೈಮೀರಿತ್ತು. ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ. ಆ ಸಹಿಯ ಮಾತು ಬಾಯಿಯ ತುದಿಗೆ ಬಂದಿತ್ತು. ಕೇಳಬೇಕು ಎನ್ನುವಷ್ಟರಲ್ಲಿ ಅವಳೇ ಕಣ್ಣು ತೆರೆದು, "ನಿಪ್ಪಾಣ್ಯಾಗೂ ಹುಡುಗೂರ ಆಟದ ಮನಿ ತಗದಾರಂತ. ಕರಕೊಂಡ ಹೋಗಬೇಕಂತಿದ್ನಿ. ನೀ ಕರಕೊಂಡ ಹೋಗ. ಹೊರಗ ಕುಂದ್ರಬ್ಯಾಡ ಮತ್ತ" ಎಂದಳು. ಹೂಂ ಎಂದೆ. ಕೇಳಬೇಕಾದ್ದು ಕೇಳಲಿಲ್ಲ. ಮರುದಿನ ಅವಳು ಇರಲಿಲ್ಲ.

ಪೃಥ್ವಿಗೆ ಆಗ ಒಂಬತ್ತು. ಅವಳು ಹೋದ ಮೇಲೆ ಅವನು ನನ್ನನ್ನು ವೈನಿ ಎನ್ನುವುದನ್ನೂ ಬಿಟ್ಟ. ಏನೂ ಕರೆಯುತ್ತಿರಲಿಲ್ಲ. ಬೇಕಾದ್ದಿದ್ದರೆ ಎದುರಿಗೆ ಬಂದು ನಿಲ್ಲುತ್ತಿದ್ದ.

ಆರು ತಿಂಗಳ ಮೇಲೆ ಅವನನ್ನೂ ಬಾಳುನ ಪುಟ್ಟ ಮಗಳನ್ನೂ ನಿಪ್ಪಾಣಿಗೆ ಕರೆದುಕೊಂಡು ಹೋದೆ. ನಾನೂ ಒಳಗೆ ಹೋದೆ. ಪೃಥ್ವಿ ಬಲೆ ಹತ್ತಿ ಮೇಲೆ ಹೋಗಿದ್ದ. ನಾನು ಕೆಳಗೆ ಬಗ್ಗಿ ಹುಡುಗಿಯ ಕಾಲುಚೀಲ ಸರಿಮಾಡುತ್ತಿದ್ದೆ. ಮೇಲಿನಿಂದ ಕೂಗು ಬಂತು: "ಅವ್ವಾ! ಅವ್ವಾ, ಇಲ್ನೋಡ!" ಅವನು ನನ್ನ ಕಡೆಗೇ ನೋಡಿ ಕೈ ಬೀಸುತ್ತಿದ್ದನಂತೆ. ಅದನ್ನು ಆ ಪುಟ್ಟ ಹುಡುಗಿ ಆಮೇಲೆ ಹೇಳಿದಳು. ನಾನು ತಲೆ ಎತ್ತಿರಲಿಲ್ಲ. ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತನ್ನಷ್ಟಕ್ಕೆ ಗಟ್ಟಿಯಾಗಿ ಹೇಳಿಬಿಟ್ಟಿತ್ತು:

"ತಾರಕ್ಕಾ, ನಿಮ್ಮನ್ನ ಕರಿಯಾಕತ್ತಾನ, ಓ ಅನ್ರಿ."