ಬಾಯಿ ಮುಕ್ಕಳಿಸಿ ಹೇಳಿ

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ ಬೆಳಿಗ್ಗೆ ಸ್ಕೂಟರ್ ಹತ್ತುವ ಮೊದಲು ನಲ್ಲಿಯ ಹತ್ತಿರ ನಿಂತು ಹಣೆಯ ಕುಂಕುಮ ತೊಳೆದುಕೊಳ್ಳುತ್ತಿದ್ದರು. ಗುಂಡಗೆ ಉಳಿದ ಕೆಂಪನ್ನೂ ಬಿಡದೆ ಉಜ್ಜುವರು. ಕುವೆಂಪುನಗರದ ನಮ್ಮ ಬೀದಿಯ ಹೆಂಗಸರಿಗೆ ಆಡಿಕೊಳ್ಳಲು ಅಷ್ಟು ಸಾಕಾಗಿತ್ತು. ನಾನು ನೇರವಾಗಿ ಕೇಳಿದೆ.

"ಗಂಡ ಗಟ್ಟಿಮುಟ್ಟಾಗಿ ಮೇಲೆ ಕೂತವ್ರೆ, ನೀವ್ಯಾಕ್ರೀ ಹಣೆ ತೊಳೀತೀರಿ?"

"ಲ್ಯಾಬ್ ಒಳಗೆ ಒಂದು ಚೂರು ಪುಡಿ ಉದುರಬಾರದು ಕಣಜ್ಜಿ. ಸಾಯಂಕಾಲ ಬಂದು ಇಟ್ಕೋತೀನಲ್ಲ."

ಅವರ ಲ್ಯಾಬ್ ಹಿನಕಲ್ ಕಡೆಗಿತ್ತು. ಆಕಾಶಕ್ಕೆ ಕಳಿಸುವ ದೂರದರ್ಶಕದ ಕಣ್ಣನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಆ ಕಣ್ಣಿಗೆ ನಕ್ಷತ್ರಗಳ ಶಾಖ ಕಾಣುತ್ತದಂತೆ. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ತಿಳಿಯುವವರೆಗೆ ಬೇಸರವಿಲ್ಲದೆ ಹೇಳುವರು. ಕಣ್ಣನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಒಳಗೆಲ್ಲ ಮಂಜುಗಡ್ಡೆಗಿಂತ ತಣ್ಣಗೆ ಮಾಡಬೇಕು. ಆಗ ಅದಕ್ಕೆ ಏನೂ ಕಾಣಬಾರದು.

ಒಂದು ಸಲ ಕಂಡಿತು. ಮೂಲೆಯಲ್ಲಿ ಮಸುಕು ಬೆಳಕು. ಕಣ್ಣೇ ಕೆಟ್ಟಿದೆ, ತೆಗೆದುಹಾಕಿ ಎಂದರು ದೊಡ್ಡ ಸಾಹೇಬರು. ಅದನ್ನು ಮಾಡಿದವರ ವರ್ಷಗಟ್ಟಲೆ ದುಡಿಮೆ ತಿಪ್ಪೆ ಸೇರುವುದರಲ್ಲಿತ್ತು. ಮೇಡಂ ಒಪ್ಪಲಿಲ್ಲ. ಪೆಟ್ಟಿಗೆ ಜೋಡಿಸಿದ್ದು ಅವರೇ. "ಮೊದಲು ನನ್ನ ಪೆಟ್ಟಿಗೆ ಬಿಚ್ಚಿ ನೋಡ್ತೀನಿ" ಎಂದರು. ಒಳಗಿನ ತಗಡೊಂದು ಸರಿಯಾಗಿ ಕೂತಿರಲಿಲ್ಲ. ಕೂರಿಸಿ ಮುಚ್ಚಿದರು. ಮತ್ತೆ ತಣ್ಣಗಾಗಲು ವಾರ ಬೇಕು. ಆಮೇಲೂ ಬೆಳಕು ಕಂಡರೆ ಕಣ್ಣೂ ಹೋಯಿತು, ಇವರ ಮಾನವೂ ಹೋಯಿತು.

ಆ ವಾರ ಅವರಿಗೆ ಅನ್ನ ಸೇರಲಿಲ್ಲ. ಸಾರು ತೆಗೆದುಕೊಂಡು ಹೋದೆ.

"ನಮ್ಮ ಸೊಸೆ ಮಾಡಿದ್ದು. ಉಪ್ಪಿಲ್ಲ, ಸಪ್ಪೆ. ಇದ್ದಿದ್ರಲ್ಲಿ ಉಣ್ಣಿ."

ಒಂದು ಚಮಚ ಬಾಯಿಗೆ ಹಾಕಿಕೊಂಡರು. "ಉಪ್ಪು ಸರಿಯಾಗೇ ಇದೆಯಲ್ಲಜ್ಜಿ. ಬಾಯಲ್ಲಿ ಎಲೆಅಡಿಕೆ ಇಟ್ಕೊಂಡು ರುಚಿ ನೋಡಿದ್ರಾ? ಮುಕ್ಕಳಿಸಿ ಹೇಳಿ. ನಾನೂ ಅಲ್ಲಿ ಮಾಡ್ತಿರೋದು ಅದೇ."

ಮೆಟ್ಟಿಲ ಕೆಳಗಿಂದ ಸೊಸೆ ಕೂಗಿದಳು: "ಚೆನ್ನಾಗ್ ಕೇಳಿಸ್ಕೊಳ್ಳಿ ಅತ್ತೆ!"

ವಾರ ಕಳೆದು ನೋಡಿದರೆ ಬೆಳಕಿರಲಿಲ್ಲ. ತಣ್ಣಗಾಗದೆ ಉಳಿದಿದ್ದ ತಗಡಿನ ಬಿಸಿಯನ್ನೇ ಕಣ್ಣು ಕಂಡಿತ್ತು. ತಪ್ಪು ನನ್ನದು, ಕಣ್ಣಿನದಲ್ಲ ಎಂದು ಎಲ್ಲರ ಮುಂದೆ ಹೇಳಿ ಬೈಸಿಕೊಂಡು ಬಂದರು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ನಮ್ಮ ಮನೆಯಲ್ಲೇ ಕೂತು ಹೊಟ್ಟೆತುಂಬ ಉಂಡರು.

ಆ ಕಣ್ಣು ಆಕಾಶಕ್ಕೆ ಹೋಯಿತಂತೆ. ಮೇಡಂ ಅದಕ್ಕಿಂತ ಮೊದಲೇ ಹೋದರು, ಕಾಯಿಲೆಯಲ್ಲಿ. ಹಾಡಿ ಹೊಗಳುವುದು ನನಗೆ ಬರುವುದಿಲ್ಲ. ಸೊಸೆ ತಟ್ಟೆ ಹಾಕಿದರೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತೇನೆ. ಆಮೇಲೂ ಸಪ್ಪೆಯಿದ್ದರೆ ಬೈಯುತ್ತೇನೆ. ಬೈಯುವ ದಿನ ಈಗ ಅಪರೂಪ.